ಚುಕ್ಕೆ ಉದುರಿದ ದಿನ ಲೇಖನ ಮುಗಿಯಬಾರದಿತ್ತು

ನಮಸ್ಕಾರ.

ನೀವು ಕಳಿಸಿದ ‘ಸಿಕ್ಲಿಡ್ ಮೀನುಗಳ ಬಿಳಿ ಚುಕ್ಕೆ ರೋಗ: ಮೂರೇ ದಿನದಲ್ಲಿ ಗುಣ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಭಾಷೆಯಲ್ಲಿ ಕೊರತೆಯಿಲ್ಲ, ವಾಕ್ಯಗಳು ಸಲೀಸಾಗಿ ಓದಿಸಿಕೊಂಡು ಹೋಗುತ್ತವೆ. ನನಗೆ ಭಯವಾದದ್ದೇ ಅದಕ್ಕೆ. ಚೆನ್ನಾಗಿ ಓದಿಸಿಕೊಳ್ಳುವ ಲೇಖನವನ್ನು ಜನ ನಂಬುತ್ತಾರೆ, ನಂಬಿ ಹಾಗೆಯೇ ಮಾಡುತ್ತಾರೆ. ನಿಮ್ಮ ಲೇಖನದಂತೆ ಮಾಡಿದವರ ಟ್ಯಾಂಕಿನಲ್ಲಿ ಎರಡನೇ ವಾರ ಮೀನುಗಳು ಸಾಯುತ್ತವೆ.

ನೀವು ಬರೆದದ್ದರ ಸಾರ ಇಷ್ಟು. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿದ್ದ ಟ್ಯಾಂಕಿಗೆ ಹೊಸ ಯೆಲ್ಲೋ ಲ್ಯಾಬ್ ಮೀನುಗಳನ್ನು ಬಿಟ್ಟಿರಿ. ಕೆಲವೇ ದಿನಗಳಲ್ಲಿ ಮೈಮೇಲೆ ಉಪ್ಪು ಚಿಮುಕಿಸಿದಂತೆ ಚುಕ್ಕೆ ಕಂಡವು. ಚುಕ್ಕೆ ಇದ್ದವನ್ನು ಬಕೆಟ್ಟಿಗೆ ಹಾಕಿ, ಹೀಟರ್ ಏರಿಸಿ, ‘ನೀಲಿ ಔಷಧಿ ಒಂದು ಮುಚ್ಚಳ’ ಸುರಿದಿರಿ. ಮೂರನೇ ದಿನ ಚುಕ್ಕೆ ಇರಲಿಲ್ಲ. ‘ರೋಗ ಮಂಗಮಾಯ’ ಎಂದು ಬರೆದು ಲೇಖನ ಮುಗಿಸಿದ್ದೀರಿ.

ಆ ಮೂರನೇ ದಿನದಿಂದಲೇ ಶುರು ಮಾಡೋಣ. ಆ ಚುಕ್ಕೆ ಇಕ್ಥಿಯೋಫ್ಥಿರಿಯಸ್ ಮಲ್ಟಿಫಿಲಿಯಿಸ್ ಎಂಬ ಏಕಕೋಶ ಜೀವಿ. ಮೀನು ಸಾಕುವವರು ಚಿಕ್ಕದಾಗಿ ‘ಇಕ್’ ಎನ್ನುತ್ತಾರೆ. ಅದು ಮೀನಿನ ಚರ್ಮದ ಮೇಲೆ ಅಂಟಿಕೊಂಡಿಲ್ಲ, ಮೇಲ್ಪದರದ ಕೆಳಗೆ ಹೊಕ್ಕು ಕೂತಿದೆ. ಮೀನಿನ ಜೀವಕೋಶಗಳನ್ನೇ ತಿಂದು ಒಂದು ಮಿಲಿಮೀಟರ್‌ವರೆಗೂ ಬೆಳೆಯುತ್ತದೆ. ಅಲ್ಲಿ ಇರುವಷ್ಟು ಹೊತ್ತು ನೀರಿಗೆ ಹಾಕಿದ ಔಷಧಿ ಅದಕ್ಕೆ ತಾಗುವುದಿಲ್ಲ. ಬಲಿತ ಮೇಲೆ ತಾನಾಗಿಯೇ ಮೀನನ್ನು ಬಿಟ್ಟು ಕೆಳಗಿಳಿದು, ಜಲ್ಲಿಗೋ ಕಲ್ಲಿಗೋ ಗಾಜಿಗೋ ಅಂಟಿ, ಸುತ್ತ ಒಂದು ಅಂಟಿನ ಕವಚ ಕಟ್ಟಿಕೊಳ್ಳುತ್ತದೆ. ಕವಚದೊಳಗೂ ಔಷಧಿ ಹೋಗುವುದಿಲ್ಲ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ನೂರಾರು ಮರಿಗಳಾಗುತ್ತವೆ. ಕವಚ ಒಡೆದು ಈಜುತ್ತ ಹೊರಬಂದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಇಲ್ಲವಾದರೆ ಸಾಯುತ್ತದೆ. ಔಷಧಿ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ.

ಹಾಗಾದರೆ ಮೂರನೇ ದಿನ ನೀವು ಕಂಡದ್ದೇನು? ಔಷಧಿ ಹಾಕದಿದ್ದರೂ ಆ ಚುಕ್ಕೆಗಳು ಉದುರುತ್ತಿದ್ದವು. ಕಳೆ ಒಣಗಿತೆಂದು ಹಿಗ್ಗಿದ್ದೀರಿ, ಅದು ಬೀಜ ಉದುರಿಸಿ ಒಣಗಿತ್ತು. ನಿಮ್ಮ ಓದುಗರು ಅಂದೇ ಔಷಧಿ ನಿಲ್ಲಿಸಿ, ಹೀಟರ್ ಇಳಿಸಿ, ನೆಮ್ಮದಿಯಿಂದ ಇರುತ್ತಾರೆ. ಅಷ್ಟರಲ್ಲಿ ತಳದ ಜಲ್ಲಿಯಲ್ಲಿ ಮೊದಲಿಗಿಂತ ನೂರು ಪಟ್ಟು ತಯಾರಾಗುತ್ತಿರುತ್ತದೆ. ನಿಮ್ಮ ಟ್ಯಾಂಕಿನಲ್ಲಿ ರೋಗ ಮರುಕಳಿಸಲಿಲ್ಲ ಎನ್ನುತ್ತೀರಿ, ನಂಬುತ್ತೇನೆ. ಒಮ್ಮೆ ಸೋಂಕು ತಗುಲಿ ಬದುಕಿದ ಮೀನಿಗೆ ಸ್ವಲ್ಪ ಮಟ್ಟಿನ ನಿರೋಧಶಕ್ತಿ ಬರುತ್ತದೆ, ನಿಮ್ಮವು ಹಾಗೆ ಪಾರಾಗಿರಬಹುದು. ಒಂದು ಟ್ಯಾಂಕಿನ ಅದೃಷ್ಟವನ್ನು ಎಲ್ಲರಿಗೂ ವಿಧಾನ ಎಂದು ಹೇಳಲು ಬರುವುದಿಲ್ಲ.

ಈ ಚಕ್ರ ಎಷ್ಟು ಬೇಗ ತಿರುಗುತ್ತದೆ ಎಂಬುದು ನೀರಿನ ಉಷ್ಣತೆಯ ಮೇಲಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರದೊಳಗೆ ಸುತ್ತು ಮುಗಿಯುತ್ತದೆ, 10 ಡಿಗ್ರಿಯಲ್ಲಿ ತಿಂಗಳು ದಾಟುತ್ತದೆ. ಚುಕ್ಕೆಗಳೆಲ್ಲ ಒಂದೇ ದಿನ ಹುಟ್ಟಿದವಲ್ಲ, ಒಂದೇ ದಿನ ಉದುರುವುದೂ ಇಲ್ಲ. ಅದಕ್ಕೇ ಔಷಧಿಯನ್ನು ಲೇಬಲ್ ಹೇಳಿದ ಅಂತರದಲ್ಲಿ ಮತ್ತೆ ಮತ್ತೆ ಹಾಕಬೇಕು, ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಬಿಡಬಾರದು. ನಿಮ್ಮ ಇಡೀ ಲೇಖನ ಈ ಗಡಿಯಾರದ ಸುತ್ತ ನಿಲ್ಲಬೇಕಿತ್ತು. ಇದೊಂದು ಗೊತ್ತಾದರೆ ದಿನವೂ ಸೈಫನ್ ಹಾಕಿ ಜಲ್ಲಿಯ ಕೊಳೆ ಎಳೆಯುವುದೇಕೆ ಎಂದು ಓದುಗರಿಗೆ ತಾನಾಗಿ ಹೊಳೆಯುತ್ತದೆ. ಚುಕ್ಕೆ ಇದ್ದ ಮೀನನ್ನು ಮಾತ್ರ ಬಕೆಟ್ಟಿಗೆ ಹಾಕಿದರೆ ಉಪಯೋಗವಿಲ್ಲ ಎಂಬುದೂ ತಿಳಿಯುತ್ತದೆ. ರೋಗ ಹಿಡಿದಿರುವುದು ಇಡೀ ಟ್ಯಾಂಕಿಗೆ.

ಇನ್ನು ‘ನೀಲಿ ಔಷಧಿ ಒಂದು ಮುಚ್ಚಳ’. ಇಂಥ ಸಾಲನ್ನು ಯಾವ ಸಂಪಾದಕನೂ ಬಿಡಬಾರದು. ಮೆಥಿಲೀನ್ ಬ್ಲೂ ನೀಲಿ, ಮೈಲುತುತ್ತ ನೀಲಿ, ಮ್ಯಾಲಕೈಟ್ ಗ್ರೀನ್ ಕೂಡ ನೀರಿಗೆ ಬಿದ್ದರೆ ನೀಲಿ ಹಸಿರು. ಮೆಥಿಲೀನ್ ಬ್ಲೂ ಈ ರೋಗಕ್ಕೆ ನೆಚ್ಚುವಂಥದ್ದಲ್ಲ, ಮೇಲಾಗಿ ಫಿಲ್ಟರಿನಲ್ಲಿ ವಿಷಕಾರಿ ಅಮೋನಿಯಾವನ್ನು ಬೇರೆ ರೂಪಕ್ಕೆ ತಿರುಗಿಸುವ ಬ್ಯಾಕ್ಟೀರಿಯಾಗಳಿಗೆ ಪೆಟ್ಟು. ಮೈಲುತುತ್ತದಲ್ಲಿರುವ ತಾಮ್ರ ಮೆದು ನೀರಿನಲ್ಲಿ ಮೀನನ್ನೇ ಕೊಲ್ಲಬಲ್ಲದು. ಗಡಸು ನೀರಿನಲ್ಲಿ ತಳ ಸೇರಿ ಕೆಲಸಕ್ಕೆ ಬಾರದು, ಹಾಗಾಗಿ ತಾಮ್ರ ಅಳೆಯುವ ಕಿಟ್ ಇಲ್ಲದವರು ಅದನ್ನು ಮುಟ್ಟದಿರುವುದೇ ಲೇಸು. ಹೆಚ್ಚು ಬಳಕೆಯಲ್ಲಿರುವುದು ಮ್ಯಾಲಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಬೆರಕೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕೈಗವಸು ಹಾಕಿಯೇ ಮುಟ್ಟಬೇಕು. ಇನ್ನೊಂದು ಮಾತು: ತಿಲಾಪಿಯಾ ಕೂಡ ಸಿಕ್ಲಿಡ್ ಕುಲದ್ದೇ. ತಿನ್ನಲು ತಿಲಾಪಿಯಾ ಸಾಕುವವರೂ ನಿಮ್ಮ ಲೇಖನ ಓದಬಹುದು. ತಿನ್ನುವ ಮೀನಿಗೆ ಮ್ಯಾಲಕೈಟ್ ಗ್ರೀನ್ ಬಳಸಲೇಬಾರದು ಎಂದು ಸ್ಪಷ್ಟವಾಗಿ ಬರೆಯಿರಿ. ಯುರೋಪ್, ಅಮೆರಿಕಗಳಲ್ಲಿ ಅದಕ್ಕೆ ಅನುಮತಿಯೇ ಇಲ್ಲ.

ಪ್ರಮಾಣದ ಲೆಕ್ಕವನ್ನು ಕೈಹಿಡಿದು ತೋರಿಸಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಎಂದರೆ 9 ಘನ ಅಡಿ, ಸುಮಾರು 255 ಲೀಟರ್. ಆದರೆ ಮಲಾವಿ ಟ್ಯಾಂಕಿನಲ್ಲಿ ಕಲ್ಲಿನ ರಾಶಿಯೇ ಇರುತ್ತದೆ, ಮೇಲೆ ಒಂದೆರಡು ಇಂಚು ಖಾಲಿ ಬಿಟ್ಟಿರುತ್ತೀರಿ. ನಿಜವಾದ ನೀರು 200 ಲೀಟರ್ ಇದ್ದರೆ ಹೆಚ್ಚು. 255ಕ್ಕೆ ಲೆಕ್ಕ ಹಾಕಿ ಸುರಿದರೆ ಔಷಧಿ ಕಾಲು ಭಾಗಕ್ಕಿಂತ ಹೆಚ್ಚಾಯಿತು. ಫಿಲ್ಟರಿನ ಕಾರ್ಬನ್ ತೆಗೆಯಬೇಕೆಂದು ನೀವು ಎಲ್ಲೂ ಹೇಳಿಲ್ಲ. ಅದು ಇದ್ದರೆ ಹಾಕಿದ ಔಷಧಿಯನ್ನು ಅದೇ ಹೀರಿಕೊಳ್ಳುತ್ತದೆ. ಯುವಿ ದೀಪವಿದ್ದರೆ ಅಷ್ಟು ದಿನ ಆರಿಸಿಡಲು ಹೇಳಿ.

‘ಹೀಟರ್ ಜಾಸ್ತಿ ಮಾಡಿ’ ಎಂದರೆ ಎಷ್ಟು? 28 ಡಿಗ್ರಿಗೆ ಏರಿಸಿದರೆ ಪರಾವಲಂಬಿಯ ಬೆಳವಣಿಗೆಗೆ ವೇಗ ಕೊಟ್ಟಂತೆ. ಔಷಧಿ ಜೊತೆಗಿದ್ದರೆ ಅದು ಒಳ್ಳೆಯದೇ, ಬೇಗ ಬೇಗ ಹೊರಬಂದು ಸಾಯುತ್ತವೆ. ಔಷಧಿಯಿಲ್ಲದೆ ಬರೀ ಶಾಖದಿಂದ ನಿಲ್ಲಿಸಬೇಕಾದರೆ ಸುಮಾರು 30 ಡಿಗ್ರಿ ಬೇಕು, ಅದೂ ಹತ್ತು ದಿನಕ್ಕೆ ಕಡಿಮೆಯಿಲ್ಲದೆ. ಆ ಶಾಖವನ್ನೂ ತಡೆಯುವ ತಳಿಗಳು ಕಂಡುಬಂದಿವೆ, ಆದ್ದರಿಂದ ‘ಖಂಡಿತ’ ಎಂಬ ಪದ ಬೇಡ. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ 8.2 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ 7.5ರಷ್ಟು ಮಾತ್ರ ಹಿಡಿದೀತು. ಅತ್ತ ಮೀನಿನ ಕಿವಿರು ಮೊದಲೇ ಹಾಳಾಗಿರುತ್ತದೆ. ಫಾರ್ಮಲಿನ್ ಕೂಡ ನೀರಿನ ಆಮ್ಲಜನಕವನ್ನು ಇಳಿಸುತ್ತದೆ. ಈ ಮೂರೂ ಒಟ್ಟಾದರೆ ಮೀನು ಉಸಿರುಕಟ್ಟಿ ಸಾಯುತ್ತದೆ, ಜನ ರೋಗದಿಂದ ಸತ್ತಿತು ಅಂದುಕೊಳ್ಳುತ್ತಾರೆ. ಏರ್ ಪಂಪಿನ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ!

‘ಸಿಕ್ಲಿಡ್’ ಎಂದರೆ ಒಂದೇ ಮೀನು ಎಂಬಂತೆ ಬರೆದಿದ್ದೀರಿ. 30 ಡಿಗ್ರಿ ಎಂದರೆ ಅಮೆಜಾನ್ ಕಡೆಯ ಡಿಸ್ಕಸ್ ಎಂಬ ಸಿಕ್ಲಿಡ್‌ಗೆ ದಿನನಿತ್ಯದ ಮಾತು. 25ರ ಆಸುಪಾಸಿನಲ್ಲಿ ಬೆಳೆದ ಮಬುನಾಗಳಿಗೆ, ಅಂದರೆ ಮಲಾವಿಯ ಕಲ್ಲುಗಳ ನಡುವೆ ಬದುಕುವ ಸಿಕ್ಲಿಡ್‌ಗಳಿಗೆ, ಅದು ಹೊರೆ, ಗಂಟೆಗಟ್ಟಲೆ ಸಮಯ ಕೊಟ್ಟು ನಿಧಾನ ಏರಿಸಬೇಕು. ಉಪ್ಪಿನ ವಿಷಯದಲ್ಲಿ ಆಫ್ರಿಕಾದ ಸರೋವರಗಳ ಮೀನುಗಳು ಗಟ್ಟಿ. ಲೀಟರಿಗೆ 2 ಗ್ರಾಂ, ಅಂದರೆ ಆ 200 ಲೀಟರಿಗೆ 400 ಗ್ರಾಂ, ಬೇರೆ ಪಾತ್ರೆಯಲ್ಲಿ ಕರಗಿಸಿ ಒಂದು ದಿನದಲ್ಲಿ ಹಲವು ಕಂತಾಗಿ ಹಾಕಿದರೆ ತಡೆದುಕೊಳ್ಳುತ್ತವೆ. ಆದರೆ ಅದಕ್ಕೆ ನೀವು ಕೊಟ್ಟ ಕಾರಣ ತಪ್ಪು. ಮಲಾವಿಯಾಗಲಿ ಟಾಂಗನಿಕಾ ಆಗಲಿ ಉಪ್ಪುನೀರಿನ ಸರೋವರವಲ್ಲ, ಸಿಹಿನೀರೇ. ಕ್ಷಾರಗುಣದ ನೀರು, ಅಷ್ಟೆ. ಆವಿಯಾದ ನೀರು ತುಂಬುವಾಗ ಮತ್ತೆ ಉಪ್ಪು ಬೇಡ, ನೀರು ಬದಲಿಸಿದಾಗ ತೆಗೆದಷ್ಟಕ್ಕೆ ಮಾತ್ರ ಸೇರಿಸಬೇಕು. ಗಿಡಗಳಿದ್ದರೆ ಅವು ಸೊರಗಬಹುದು ಎಂದೂ ಎಚ್ಚರಿಸಿ.

ನಾಲ್ಕನೇ ಪುಟದಲ್ಲಿ ‘ಈ ವೈರಸ್ಸಿಗೆ ಮದ್ದಿಲ್ಲ, ಕೃಷಿಕರು ಕೋಟಿಗಟ್ಟಲೆ ಕಳೆದುಕೊಂಡಿದ್ದಾರೆ’ ಎಂಬ ಪ್ಯಾರಾ ಇದೆ. ಅದು ಸೀಗಡಿಯ ಬಿಳಿ ಚುಕ್ಕೆ ರೋಗ. ಅದು ವೈರಸ್, ಇದು ಏಕಕೋಶ ಜೀವಿ. ಎಲ್ಲಿಂದಲೋ ಎತ್ತಿ ಅಂಟಿಸಿದ್ದೀರಿ ಎಂಬುದು ಮದ್ದಿಲ್ಲ ಎನ್ನುವ ಆ ಸಾಲಿಗೂ ಮೂರೇ ದಿನದ ನಿಮ್ಮ ಶೀರ್ಷಿಕೆಗೂ ಆಗುವ ಜಗಳದಲ್ಲೇ ಗೊತ್ತಾಗುತ್ತದೆ. ಇಡೀ ಪ್ಯಾರಾ ತೆಗೆಯಿರಿ. ‘ಇತ್ತೀಚೆಗೆ ಕಾಣಿಸಿಕೊಂಡ ಹೊಸ ರೋಗ’ ಎಂಬ ಮಾತನ್ನೂ. 1876ರಲ್ಲೇ ಈ ಜೀವಿಯ ವೈಜ್ಞಾನಿಕ ವಿವರಣೆ ಬಂದಿದೆ.

ಫೋಟೋಗಳ ವಿಷಯ. ಎರಡನೆಯದರಲ್ಲಿ ಬಾಣ ಹಾಕಿ ‘ರೋಗದ ಚುಕ್ಕೆ’ ಎಂದು ತೋರಿಸಿದ್ದೀರಲ್ಲ, ಗಂಡು ಮೀನಿನ ಹೊಟ್ಟೆಯ ಹಿಂದಿನ ಈಜುರೆಕ್ಕೆಯಲ್ಲಿ ಸಾಲಾಗಿ ಇರುವ ದುಂಡು ಹಳದಿ ಬೊಟ್ಟುಗಳು, ಅವು ಅದರ ಸಹಜ ಬಣ್ಣ. ಮೊಟ್ಟೆಯ ಹಾಗೆ ಕಾಣುವ ಆ ಬೊಟ್ಟುಗಳಿಗೂ ಮೊಟ್ಟೆಯಿಡುವ ಆಟಕ್ಕೂ ನಂಟಿದೆ. ಆ ಫೋಟೋ ಅಚ್ಚಾದರೆ ಆರೋಗ್ಯವಾಗಿರುವ ಎಷ್ಟು ಗಂಡು ಮೀನುಗಳು ಔಷಧಿ ಕುಡಿಯಬೇಕಾದೀತೋ! ನಿಜವಾದ ಚುಕ್ಕೆ ಬಿಳಿ, ತುಸು ಉಬ್ಬಿದ್ದು, ಮೈ ಮತ್ತು ರೆಕ್ಕೆಗಳ ಮೇಲೆ ಕ್ರಮವಿಲ್ಲದೆ ಹರಡಿರುತ್ತದೆ. ಹುಡಿಯಂತೆ ಸಣ್ಣಗೆ, ಹೊಂಬಣ್ಣಕ್ಕೆ ಹೊಳೆದರೆ ಅದು ವೆಲ್ವೆಟ್ ಎಂಬ ಬೇರೆ ರೋಗ. ಹೂಕೋಸಿನಂಥ ಗಂಟು ವಾರಗಟ್ಟಲೆ ಅಲ್ಲೇ ಇದ್ದರೆ ಲಿಂಫೋಸಿಸ್ಟಿಸ್ ಎಂಬ ವೈರಸ್ ರೋಗ. ಸಂಶಯವಿದ್ದವರಿಗೆ ಸೂಕ್ಷ್ಮದರ್ಶಕ ಸಿಕ್ಕರೆ ಕುದುರೆ ಲಾಳದ ಆಕಾರದ ಕೋಶಕೇಂದ್ರ ನೋಡಿದೊಡನೆ ಜಗಳ ಮುಗಿಯಿತು. ಚುಕ್ಕೆಯೇ ಕಾಣದೆ, ಪರಾವಲಂಬಿ ಕಿವಿರಿನಲ್ಲಿ ಮಾತ್ರ ಕೂತು, ಮೀನು ನೀರಿನ ಮೇಲ್ಮೈಗೆ ಬಂದು ಏದುಸಿರು ಬಿಡುತ್ತ ಸಾಯುವುದೂ ಉಂಟು. ಇದನ್ನು ಬಿಡಬೇಡಿ.

ನಿಮ್ಮ ಬಾಲ್ಯದ ಮೀನುಪ್ರೀತಿಯ ಮೊದಲ ಪುಟ ಪೂರ್ತಿ ಹೋಗಲಿ. ಮೀನು ಸಾಯುತ್ತಿರುವಾಗ ಲೇಖನ ತೆರೆದವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಮೂರನೇ ಪುಟದ ನಡುವೆ ಮಾತ್ರ ನಾನು ಗೆರೆ ಎಳೆದು ಇಟ್ಟುಕೊಂಡ ಜಾಗವಿದೆ: ಎಲ್ಲರನ್ನೂ ಅಟ್ಟಾಡಿಸುತ್ತಿದ್ದ ನೀಲಿ ಗಂಡು ತನ್ನ ಕಲ್ಲನ್ನು ಬಿಟ್ಟು, ಬಣ್ಣ ಕಳೆದುಕೊಂಡು, ಫಿಲ್ಟರಿನ ಮೂಲೆಯಲ್ಲಿ ರೆಕ್ಕೆ ಮಡಚಿ ನಿಂತದ್ದು, ನಿನ್ನೆಯವರೆಗೆ ಹೆದರುತ್ತಿದ್ದ ಸಣ್ಣ ಮೀನು ಅದರ ಬಾಲ ಕಚ್ಚಿದ್ದು. ಚುಕ್ಕೆ ಕಾಣುವ ಎರಡು ದಿನ ಮೊದಲೇ ಇದನ್ನು ನೋಡಿದೆ ಎಂದು ಬರೆದಿದ್ದೀರಿ. ಇದು ನೀವೇ ಕಂಡದ್ದು, ಎಲ್ಲಿಂದಲೂ ಎತ್ತಿದ್ದಲ್ಲ. ಲೇಖನ ಇಲ್ಲಿಂದ ಶುರುವಾಗಲಿ. ಬಾಯಲ್ಲಿ ಮೊಟ್ಟೆ ಹೊತ್ತಿದ್ದ ಹೆಣ್ಣೊಂದು ಇದೇ ಪುಟದಲ್ಲಿ ಬಂದು ಮತ್ತೆ ಕಾಣಿಸುವುದಿಲ್ಲ. ವಾರಗಟ್ಟಲೆ ಆಹಾರ ಬಿಟ್ಟು ಬಡಕಲಾಗಿರುವ ಅದಕ್ಕೆ ಏನು ಮಾಡಿದಿರಿ? ಮೊಟ್ಟೆ ಉಗುಳಿತೇ? ಸಿಕ್ಲಿಡ್ ಸಾಕುವವರು ಮೊದಲು ಕೇಳುವ ಪ್ರಶ್ನೆ ಅದು.

ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿ, ಬೇರೆ ಬಲೆಯೊಂದಿಗೆ ಇಡುವ ಮಾತು ಕೊನೆಯಲ್ಲಿ ಎರಡು ವಾಕ್ಯ ಸಾಕು.

ಎರಡನೇ ಕರಡಿನ ಜೊತೆಗೆ ಆ ಔಷಧಿಯ ಲೇಬಲ್ಲಿನ ಫೋಟೋ, ನಿಮ್ಮ ಟ್ಯಾಂಕಿನ ಅಳತೆ, ಹೀಟರ್ ಎಷ್ಟಕ್ಕೆ ಇಟ್ಟಿದ್ದಿರಿ ಎಂಬುದನ್ನು ಕಳಿಸಿ. ಮೂರನೇ ದಿನದ ಮುಂದಿನ ಟಿಪ್ಪಣಿಗಳಿದ್ದರೆ ಅವನ್ನೂ. ಇಲ್ಲದಿದ್ದರೆ ಇಲ್ಲ ಎಂದು ಲೇಖನದಲ್ಲೇ ಬರೆದುಬಿಡಿ, ಹಾಗೆ ಬರೆದರೂ ನಾನು ಅದನ್ನು ತೆಗೆದುಕೊಳ್ಳುತ್ತೇನೆ.

ಇಂತಿ,
ಸಂಪಾದಕ