ಆನ್‌ಲೈನ್ ಟೆಫ್ಲ್ ಸರ್ಟಿಫಿಕೇಟಿಗೆ ದುಡ್ಡು ಹಾಕಬಹುದೇ?

ನೀವು ಕಾಸರಗೋಡಿನ ಪೆರ್ಲದ ಕಡೆಯವರು. ಇಂಗ್ಲಿಷ್ ಎಂ.ಎ., ಬಿ.ಎಡ್. ಆಗಿದೆ, ಖಾಸಗಿ ಶಾಲೆಯಲ್ಲಿ ಎರಡು ವರ್ಷದಿಂದ ಪಾಠ ಮಾಡುತ್ತಿದ್ದೀರಿ. ಇಂಗ್ಲಿಷ್ ಕಲಿಸುವವರಿಗೆಂದು ಇರುವ 120 ಗಂಟೆಯ ಆನ್‌ಲೈನ್ ಟೆಫ್ಲ್ ಕೋರ್ಸ್ ರಿಯಾಯಿತಿಯಲ್ಲಿ ಸಿಗುತ್ತಿದೆ, ಮಾಡಿದರೆ ಗಲ್ಫಿನಲ್ಲಿ ಕೆಲಸ ಸಿಕ್ಕೀತೇ ಎಂದು ಕೇಳಿದ್ದೀರಿ. ದಯವಿಟ್ಟು ಇವತ್ತೇ ದುಡ್ಡು ಕಟ್ಟಬೇಡಿ.

ನಾನು ಕಟ್ಟಿದ್ದೆ. ಆಗ ಕುಂಬಳೆಯ ಹತ್ತಿರ ಟೀಚರ್ ಆಗಿದ್ದೆ. ಓದುವುದು, ಸರಿ ಉತ್ತರಕ್ಕೆ ಗುರುತು ಹಾಕುವುದು, ಅಷ್ಟೇ ಕೋರ್ಸು. 120 ಗಂಟೆ ಎಂದು ಬರೆದದ್ದು ನಾಲ್ಕು ರಾತ್ರಿಯಲ್ಲಿ ಮುಗಿಯಿತು. ಅದನ್ನು ಹಿಡಿದು ಮಸ್ಕತ್ತಿನ ಒಂದು ಭಾಷಾ ಕೇಂದ್ರಕ್ಕೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಮೊದಲು ಕೇಳಿದ್ದೇ, ‘ಈ ಕೋರ್ಸಿನಲ್ಲಿ ನೀವು ಪಾಠ ಮಾಡುವುದನ್ನು ಯಾರು ನೋಡಿದರು? ಎಷ್ಟು ಗಂಟೆ?’ ಯಾರೂ ನೋಡಿರಲಿಲ್ಲ. ಮಾತು ಅಲ್ಲಿಗೇ ಮುಗಿಯಿತು.

ಈಗ ಯಾರು ಯಾವ ಸರ್ಟಿಫಿಕೇಟ್ ತೋರಿಸಿದರೂ ನಾನು ಕೇಳುವುದು ಅದೇ ಪ್ರಶ್ನೆ. ಟೆಫ್ಲ್, ಟೀಸಾಲ್ ಎಂಬುವು ಯಾವುದೋ ಒಂದು ಸಂಸ್ಥೆಯ ಹೆಸರಲ್ಲ, ಇಂಗ್ಲಿಷ್ ಕಲಿಸುವ ಕಸುಬಿನ ಹೆಸರು. ಯಾರು ಬೇಕಾದರೂ ಅಚ್ಚು ಹಾಕಿಸಿ ಕೊಡಬಹುದು. ‘ಅಂತಾರಾಷ್ಟ್ರೀಯ ಮಾನ್ಯತೆ’ ಎಂದಿದ್ದರೆ ಮಾನ್ಯತೆ ಕೊಟ್ಟವರು ಯಾರೆಂದು ವಿಚಾರಿಸಿ. ಕೇಂಬ್ರಿಜ್‌ನ ಸೆಲ್ಟಾ, ಟ್ರಿನಿಟಿ ಕಾಲೇಜ್ ಲಂಡನ್‌ನ ಸರ್ಟ್‌ಟೀಸಾಲ್ ಎಂಬ ಇಂಗ್ಲಿಷ್ ಶಿಕ್ಷಕರ ಸರ್ಟಿಫಿಕೇಟುಗಳೆರಡೂ ಇಂಗ್ಲೆಂಡಿನಲ್ಲಿ ಪರೀಕ್ಷೆ, ಅರ್ಹತೆಗಳ ಮೇಲೆ ನಿಗಾ ಇಡುವ ಆಫ್‌ಕ್ವಾಲ್ ಸಂಸ್ಥೆಯ ಪಟ್ಟಿಯಲ್ಲಿ ಲೆವೆಲ್ 5ರಲ್ಲಿ, ಅಂದರೆ ಪದವಿಗಿಂತ ಒಂದು ಮೆಟ್ಟಿಲು ಕೆಳಗೆ ಇವೆ. ಆ ಪಟ್ಟಿಯನ್ನು ನೀವೇ ಆನ್‌ಲೈನಿನಲ್ಲಿ ನೋಡಬಹುದು. ಎರಡರಲ್ಲೂ ನಿಜವಾದ ವಿದ್ಯಾರ್ಥಿಗಳಿಗೆ 6 ಗಂಟೆ ಪಾಠ ಮಾಡಿ ತೋರಿಸಲೇಬೇಕು.

ಆರೇ ಗಂಟೆಯಾ ಎನಿಸಬಹುದು. ಆಮೇಲೆ ನಾನು ಸಾಲ ಮಾಡಿ ಸೆಲ್ಟಾ ಮಾಡಿದೆ. ಏಳು ವರ್ಷ ಪಾಠ ಮಾಡಿದವಳು, ಮೊದಲ ದಿನವೇ ತಿದ್ದಿಸಿಕೊಂಡೆ. ‘ಐ ಯೂಸ್ಡ್ ಟು ಲಿವ್ ಇನ್ ಮ್ಯಾಂಗಲೋರ್’ (ಮೊದಲು ಮಂಗಳೂರಿನಲ್ಲಿದ್ದೆ, ಈಗಿಲ್ಲ) ಎಂಬ ವಾಕ್ಯ ವಿವರಿಸಿ, ನಮ್ಮ ರೂಢಿಯಂತೆ ‘ಅರ್ಥ ಆಯ್ತಾ?’ ಎಂದೆ. ಎಲ್ಲರೂ ತಲೆಯಾಡಿಸಿದರು. ತರಗತಿ ಮುಗಿದ ಮೇಲೆ, ಹಿಂದೆ ಕೂತಿದ್ದ ತರಬೇತುದಾರರು ಹೇಳಿದರು: ‘ಅರ್ಥವಾಯಿತೇ ಎಂದು ಕೇಳಬೇಡಿ. ಈ ಮಾತು ಹೇಳಿದಾಕೆ ಈಗ ಮಂಗಳೂರಿನಲ್ಲಿದ್ದಾಳಾ? ಮೊದಲು ಇದ್ದಳಾ? ಒಂದೇ ದಿನವಾ, ತುಂಬಾ ಕಾಲವಾ? ಹೀಗೆ ಕೇಳಿ.’ ಮರುದಿನ ಹಾಗೆ ಕೇಳಿದಾಗ ಅರ್ಧ ತರಗತಿ ‘ಈಗಲೂ ಇದ್ದಾಳೆ’ ಎಂದಿತು. ನನ್ನ ಕನ್ನಡ ಮೀಡಿಯಂ ಮಕ್ಕಳೂ ಏಳು ವರ್ಷ ಹೀಗೇ ತಲೆಯಾಡಿಸಿರಬೇಕು ಎಂದು ಹೊಳೆದು ಆ ರಾತ್ರಿ ನಿದ್ದೆ ಬರಲಿಲ್ಲ. ಈ ತಪ್ಪನ್ನು ಪರದೆಯ ಮೇಲಿನ ಪ್ರಶ್ನಪತ್ರಿಕೆ ನನಗೆ ತೋರಿಸಿಕೊಡಲು ಸಾಧ್ಯವೇ ಇರಲಿಲ್ಲ.

ಹಾಗೆಂದು ನೀವೂ ಸೆಲ್ಟಾಕ್ಕೆ ಸಾಲ ಮಾಡಿ ಎನ್ನುವುದಿಲ್ಲ. ಅದು ದುಬಾರಿ. ಊರಿನಲ್ಲೇ ಸರಕಾರಿ ಕೆಲಸ ಬೇಕಾದರೆ ಬೇಕಾದದ್ದು ಬಿ.ಎಡ್., ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಕೆ-ಟೆಟ್, ಆಮೇಲೆ ಸರಕಾರಿ ನೇಮಕಾತಿಯ ಪಿ.ಎಸ್.ಸಿ. ಪರೀಕ್ಷೆ; ಅಲ್ಲಿ ಸೆಲ್ಟಾ ಇವುಗಳ ಜಾಗಕ್ಕೆ ಬರುವುದಿಲ್ಲ. ಗಲ್ಫಿನ ಸಿ.ಬಿ.ಎಸ್.ಇ. ಶಾಲೆಗಳು ಸಾಮಾನ್ಯವಾಗಿ ನೋಡುವುದೂ ಪದವಿ, ಬಿ.ಎಡ್., ಅನುಭವವನ್ನೇ. ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಭಾಷಾ ಕೇಂದ್ರಗಳಿಗೆ ಹೋಗುವುದಾದರೆ ಮಾತ್ರ ಸೆಲ್ಟಾದ ಯೋಚನೆ ಮಾಡಿ. ಕೊರಿಯಾದ ಜಾಹೀರಾತು ನೋಡಿ ಮರುಳಾಗಬೇಡಿ: ಅಲ್ಲಿನ ಭಾಷಾ ಶಿಕ್ಷಕರ ವೀಸಾ ಹೆಚ್ಚಾಗಿ ಇಂಗ್ಲಿಷ್ ಮಾತೃಭಾಷೆಯ ಏಳು ದೇಶಗಳವರಿಗೆ. ನಮ್ಮ ಪಾಸ್‌ಪೋರ್ಟನ್ನು ಯಾವ ಸರ್ಟಿಫಿಕೇಟೂ ಬದಲಾಯಿಸುವುದಿಲ್ಲ.

ಕಲಿಸುವುದನ್ನು ಸುಧಾರಿಸಿಕೊಳ್ಳುವ ಆಸೆಯಿದ್ದರೆ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಆಂಗ್ಲಭಾಷಾ ಸಂಸ್ಥೆಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ (ಇಫ್ಲು) ಕೋರ್ಸುಗಳನ್ನೂ ವಿಚಾರಿಸಿ.

ಸದ್ಯಕ್ಕೆ ಆ ರಿಯಾಯಿತಿಯ ದುಡ್ಡು ಕೈಯಲ್ಲೇ ಇರಲಿ. ಡಿಗ್ರಿ, ಬಿ.ಎಡ್. ಸರ್ಟಿಫಿಕೇಟುಗಳ ಅಟೆಸ್ಟೇಶನ್ನಿಗೆ, ಅಂದರೆ ಅವು ಅಸಲಿ ಎಂಬ ಅಧಿಕೃತ ದೃಢೀಕರಣಕ್ಕೆ, ಏನೇನು ಬೇಕೆಂದು ಅನಿವಾಸಿ ಕೇರಳೀಯರಿಗಾಗಿ ಇರುವ ಕೇರಳ ಸರಕಾರದ ನೋರ್ಕಾದಲ್ಲಿ ಕೇಳಿಕೊಳ್ಳಿ. ನಿಮ್ಮ ಶಾಲೆಯ ಹಿರಿಯ ಟೀಚರೊಬ್ಬರನ್ನು ಒಂದು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಲು ಕರೆಯಿರಿ. ಅವರು ಏನೆಂದರು ಎಂದು ಇಲ್ಲೇ ಬರೆದರೆ ಮುಂದಿನದನ್ನು ಖಂಡಿತ ಹೇಳುತ್ತೇನೆ.