ಗೆಳೆಯರ ಮೆಹಂದಿಗೆ ಫೋಟೋ ತೆಗೆದರೆ ಎಷ್ಟು ಕೇಳುವುದು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಬೇಡಿ. ನಿಮಗೆ ಸುರತ್ಕಲ್‌ನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಕ್ಯಾಮೆರಾ ತಗೊಂಡದ್ದು. ಈಗ ಆಫೀಸಿನ ಗೆಳೆಯನೊಬ್ಬ ಬರುವ ಶನಿವಾರ ತಂಗಿಯ ಮೆಹಂದಿಗೆ ಬಾ ಅನ್ನುತ್ತಿದ್ದಾನೆ, ಇನ್ನೊಬ್ಬ ಗೆಳತಿ ಸೀಮಂತಕ್ಕೆ ಕರೆದಿದ್ದಾಳೆ. ದುಡ್ಡು ಕೇಳಿದರೆ ಸ್ನೇಹ ಕೆಡುತ್ತದಾ, ಕೇಳುವುದಾದರೆ ಎಷ್ಟು, ಇಷ್ಟೇ ಅಲ್ವಾ? ಒಂಬತ್ತು ವರ್ಷದ ಹಿಂದೆ ನಾನೂ ಹೀಗೇ ಮಂಡೆಬಿಸಿ ಮಾಡಿಕೊಂಡು ಕೂತಿದ್ದೆ. ನಾನಿರುವುದು ಉಡುಪಿಯಲ್ಲಿ. ಸಹಕಾರಿ ಸಂಘವೊಂದರಲ್ಲಿ ದಿನವಿಡೀ ಊರವರ ಲೆಕ್ಕ ಬರೆಯುವ ಕೆಲಸ, ಶನಿವಾರ ಭಾನುವಾರ ಮಾತ್ರ ಕ್ಯಾಮೆರಾ. ನನ್ನದೇ ಲೆಕ್ಕ ಬರೆಯಲು ಮೂರು ವರ್ಷ ಹಿಡಿಯಿತು ಅನ್ನುವುದು ಬೇರೆ ಮಾತು.

ನನ್ನ ಮೊದಲ "ಕೆಲಸ" ಕಿನ್ನಿಗೋಳಿ ಹತ್ತಿರ ಒಂದು ಮೆಹಂದಿ. "ಒಂದೆರಡು ಫೋಟೋ ತೆಗೆದರೆ ಸಾಕು ಮಾರಾಯ, ಊಟಕ್ಕೆ ಹೇಗೂ ಬರ್ತಿಯಲ್ಲ" ಅಂದಿದ್ದ ಗೆಳೆಯ. ಸಂಜೆ ಆರಕ್ಕೆ ಶುರುವಾದದ್ದು ರಾತ್ರಿ ಹನ್ನೆರಡೂವರೆಗೆ ಮುಗಿಯಿತು. ಡಿಜೆಯವನ ಕೆಂಪು ನೀಲಿ ಲೈಟಿನಲ್ಲಿ ಎಲ್ಲರ ಮುಖವೂ ಬಣ್ಣ ಬಣ್ಣ. ಅತ್ತೆ ಒಂದು ಕಡೆ ಕರೆಯುತ್ತಾರೆ, ಚಿಕ್ಕಪ್ಪನ ಮಕ್ಕಳು ಇನ್ನೊಂದು ಕಡೆ. ನಾನು ಕ್ಯಾಮೆರಾ ಕೆಳಗಿಡುವಾಗ ನೀರುದೋಸೆಯವರು ಕಾವಲಿ ತೊಳೆಯುತ್ತಿದ್ದರು. ಕೋಳಿ ಸುಕ್ಕದ ಪಾತ್ರೆಯಲ್ಲಿ ಮಸಾಲೆ ಮಾತ್ರ ಉಳಿದಿತ್ತು. ಆಮೇಲೆ ನಾಲ್ಕು ರಾತ್ರಿ ಕಂಪ್ಯೂಟರ್ ಮುಂದೆ.

ಗೆಳೆಯ ಮೊದಲೇ ಕೇಳಿದ್ದ, "ಎಷ್ಟು ಕೊಡಬೇಕು?" ಅಂತ. ನಾನು "ಅದೆಲ್ಲ ಮತ್ತೆ ನೋಡುವ" ಅಂದಿದ್ದೆ. ನಮ್ಮೂರಿನ "ಮತ್ತೆ ನೋಡುವ" ಗೊತ್ತಲ್ಲ ನಿಮಗೆ? ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದ. ಅದನ್ನು ಸಿಟ್ಟಿನಲ್ಲೇ ತಿಂದೆ. ಆರು ತಿಂಗಳು ಅವನ ಫೋನ್ ಬಂದರೆ ಎರಡನೇ ಸಲಕ್ಕೆ ಎತ್ತುತ್ತಿದ್ದೆ. ಪಾಪ, ಅವನಿಗೆ ವಿಷಯವೇ ಗೊತ್ತಿಲ್ಲ. ಕೇಳಿದವನಿಗೆ ರೇಟು ಹೇಳದವನು ನಾನು.

ಹಾಗಾಗಿ ದುಡ್ಡು ಕೇಳಿದರೆ ಸ್ನೇಹ ಹೋಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಸ್ನೇಹ ಕೆಟ್ಟದ್ದು ಕೇಳದೆ ಒಳಗೊಳಗೇ ಲೆಕ್ಕ ಇಟ್ಟದ್ದರಿಂದ. ಎಷ್ಟು ಅಂತ ಮೊದಲೇ ಹೇಳಿ. ಸೊನ್ನೆಯಾದರೆ ಸೊನ್ನೆ ಅಂತಲೂ ಬಾಯಿಬಿಟ್ಟು ಹೇಳಿ.

ಇನ್ನು ಎಷ್ಟು ಅನ್ನುವುದು. ನನ್ನ ಲೆಕ್ಕ ಬರೆಯುತ್ತೇನೆ, ನಿಮ್ಮ ಅಂಕಿ ಹಾಕಿಕೊಳ್ಳಿ. ನನ್ನ ಕ್ಯಾಮೆರಾದ ಬಾಡಿಯನ್ನು, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾವನ್ನು, 60,000 ರೂಪಾಯಿ ಕೊಟ್ಟು ತಗೊಂಡಿದ್ದೆ. ಈ ದರ್ಜೆಯ ಕ್ಯಾಮೆರಾಗಳ ಶಟರ್ (ಪ್ರತಿ ಕ್ಲಿಕ್‌ಗೂ ತೆರೆದು ಮುಚ್ಚುವ ಪರದೆ) ಸುಮಾರು 1 ಲಕ್ಷ ಕ್ಲಿಕ್ ಬಾಳುತ್ತದೆ ಅಂತ ಇಟ್ಟುಕೊಂಡರೆ ಒಂದು ಕ್ಲಿಕ್‌ಗೆ 60 ಪೈಸೆ ಸವೆಯಿತು. ಮೆಹಂದಿಯಲ್ಲಿ 1,500 ಕ್ಲಿಕ್ ಸುಲಭವಾಗಿ ಆಗುತ್ತದೆ. ಅಲ್ಲಿಗೆ 900 ರೂಪಾಯಿ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ, ಪರದೆ ಅಲ್ಲಾಡದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಈ ಸವೆತ ಇಲ್ಲ, ಆದರೆ ಡಿಜೆ ಲೈಟಿನ ಕೆಳಗೆ ಫೋಟೋದಲ್ಲಿ ಪಟ್ಟೆ ಪಟ್ಟೆ ಬರುವುದುಂಟು. ಉಡುಪಿಯಿಂದ ಮಂಗಳೂರಿಗೆ ಹೋಗಿ ಬರಲು 120 ಕಿ.ಮೀ., ಬೈಕಿಗೆ 300 ರೂಪಾಯಿ ಪೆಟ್ರೋಲ್. ಒಟ್ಟು 1,200 ರೂಪಾಯಿ ನಾನು ಉಂಡೆದ್ದು ಬರುವಷ್ಟರಲ್ಲಿ ಖರ್ಚಾಗಿ ಹೋಯಿತು.

ಈಗ ಹೊತ್ತು. ಅಲ್ಲಿ ನಾಲ್ಕು ಗಂಟೆ. ಮನೆಗೆ ಬಂದು 1,500ರಿಂದ 200 ಆರಿಸಲು ಎರಡು ಗಂಟೆ. ಒಂದೊಂದಕ್ಕೆ ಮೂರು ನಿಮಿಷದ ಹಾಗೆ 200 ಫೋಟೋ ಸರಿಮಾಡಲು ಹತ್ತು ಗಂಟೆ. ಒಟ್ಟು ಹದಿನಾರು. ಗೆಳೆಯ ದೊಡ್ಡ ಮನಸ್ಸು ಮಾಡಿ 2,000 ಕೊಟ್ಟ ಅಂತ ಇಟ್ಟುಕೊಳ್ಳಿ. ಖರ್ಚು ಕಳೆದರೆ 800. ಗಂಟೆಗೆ 50 ರೂಪಾಯಿ. ಅವನಿಗೆ ಕಾಣುವುದು ಆ ನಾಲ್ಕು ಗಂಟೆ ಮಾತ್ರ, ಅದರಲ್ಲೂ ನೀವು ನಗುತ್ತಾ ಓಡಾಡುತ್ತಿರುತ್ತೀರಿ. ಉಳಿದ ಹನ್ನೆರಡು ಗಂಟೆ ನಿಮಗೆ, ನಿಮ್ಮ ಮನೆಯವರಿಗೆ ಮಾತ್ರ ಗೊತ್ತು. ಗಂಟೆಗೆ 150 ಅಂತ ಹಿಡಿದರೂ 2,400, ಖರ್ಚು ಸೇರಿ 3,600. ನಿಮ್ಮ ಹಾಗೆ ಎರಡು ವರ್ಷ ಕೈ ಪಳಗಿದವರು ಗೆಳೆಯರ ಹತ್ತಿರ ಮೂರೂವರೆ ಸಾವಿರ ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಅಂತ ನನ್ನ ಅಭಿಪ್ರಾಯ.

ಬೆಂಗಳೂರಿನವರ ಲೆಕ್ಕ ನಮಗೆ ಪೂರ್ತಿ ಹೊಂದುವುದೂ ಇಲ್ಲ. ಇಲ್ಲಿ ಮಳೆಗಾಲ ಇದೆಯಲ್ಲ. ಜೂನ್‌ನಲ್ಲಿ ಬ್ಯಾಗಿನೊಳಗೆ ಇಟ್ಟ ಲೆನ್ಸನ್ನು ಚೌತಿಗೆ ತೆಗೆದು ನೋಡಿದರೆ ಒಳಗೆ ಜೇಡರ ಬಲೆಯ ಹಾಗೆ ಬೂಷ್ಟು. ನನ್ನ ಮೊದಲ 50 ಎಂಎಂ ಲೆನ್ಸ್ ಹಾಗೇ ಹೋಯಿತು. ಈಗ ಗಾಳಿಯಾಡದ ಡಬ್ಬಿ, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್, ತೇವ ನೋಡಲು ಒಂದು ಚಿಕ್ಕ ಮೀಟರ್. ಮೀಟರಿನ ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು. ಜೆಲ್ಲಿನ ನೀಲಿ ಹರಳು ಗುಲಾಬಿಯಾದರೆ ಬಿಸಿಮಾಡಿ ಒಣಗಿಸಬೇಕು. ಮಲ್ಪೆ, ತಣ್ಣೀರುಬಾವಿ ಕಡೆ ಹೋಗಿ ಬಂದ ದಿನ ಉಪ್ಪುಗಾಳಿ ಬಡಿದದ್ದನ್ನೆಲ್ಲ ಒರೆಸಿಯೇ ಮಲಗಬೇಕು. ಈ ಖರ್ಚನ್ನು ಯಾರ ಬಿಲ್ಲಿಗೂ ಹಾಕಲಾಗುವುದಿಲ್ಲ, ಆದರೆ ರೇಟು ಇಡುವಾಗ ಮನಸ್ಸಿನಲ್ಲಿರಲಿ.

ಹೇಳುವ ರೀತಿಯೂ ಒಂದಿದೆ. ನಾನು ಬರೀ 3,500 ಅಂತ ಹೇಳುವುದಿಲ್ಲ. "ನನ್ನ ರೇಟು 7,000. ನಿನಗೆ 3,500. ಉಳಿದದ್ದು ತಂಗಿಗೆ ನನ್ನ ಉಡುಗೊರೆ" ಅನ್ನುತ್ತೇನೆ. ಬರೀ 3,500 ಅಂದರೆ ನಾಳೆ ಅವನ ಬಾವನ ಗೆಳೆಯ, ಕಾರ್ಕಳದಿಂದ ಫೋನ್ ಮಾಡಿ, "ನೀವು ಮೂರೂವರೆಗೆ ಮಾಡ್ತೀರಂತಲ್ಲ" ಅನ್ನುತ್ತಾನೆ. ಮುಖ ನೋಡಿಲ್ಲ, ಊಟ ಒಟ್ಟಿಗೆ ಮಾಡಿಲ್ಲ, ಆದರೂ ಗೆಳೆಯರ ರೇಟು ಬೇಕು. ನನಗೆ ಹೀಗೆ ನಾಲ್ಕೈದು ಸಲ ಆಗಿದೆ. ದಾಕ್ಷಿಣ್ಯಕ್ಕೆ ಒಪ್ಪಿ ಆಮೇಲೆ ಒದ್ದಾಡಿದ್ದೇನೆ.

ಯಾರಿಗೆ ಪುಕ್ಕಟೆ? ನನ್ನ ಅಕ್ಕನ ಮಗಳ ತೊಟ್ಟಿಲಿಗೆ ದುಡ್ಡು ತಗೊಳ್ಳಲು ನನಗೇನು ಹುಚ್ಚಾ. ಒಟ್ಟಿಗೆ ಓದಿದ ಮೂವರು ಗೆಳೆಯರಿದ್ದಾರೆ, ಅವರ ಹತ್ತಿರವೂ ಇಲ್ಲ. ಅವರಲ್ಲಿ ಒಬ್ಬನೇ ನನ್ನ ಮನೆಯ ವೈರಿಂಗ್ ಮಾಡಿದ್ದು, ಅವನೂ ಬಿಲ್ ಕೊಟ್ಟಿಲ್ಲ. ಯಾರದಾದರೂ ಮನೆಗೆ ಹೋದಾಗ ಜಗಲಿಯಲ್ಲಿ ಕೂತ ಅಜ್ಜಿಯ ಫೋಟೋ ತೆಗೆಯುವುದಕ್ಕೂ ರೇಟು ಇಲ್ಲ. ಅದು ನನ್ನ ಖುಷಿಗೆ. ಇವರೆಲ್ಲ ಯಾರು ಅನ್ನುವ ಪಟ್ಟಿ ನಿಮ್ಮ ತಲೆಯಲ್ಲಿ ಮೊದಲೇ ಇರಲಿ, ಫೋನ್ ಬಂದ ಮೇಲೆ ಮಾಡಬೇಡಿ. ಸೀಮಂತದ ಗೆಳತಿ ಆ ಪಟ್ಟಿಯಲ್ಲಿ ಇದ್ದಾಳಾ ಅಂತ ನೀವೇ ನೋಡಿ.

ಆದರೆ ಪುಕ್ಕಟೆ ಅಂದರೆ ಜವಾಬ್ದಾರಿ ಇಲ್ಲ ಅಂತ ತಿಳಿಯಬೇಡಿ. ಒಂದು ನಾಮಕರಣಕ್ಕೆ ಹೋಗಿದ್ದೆ, ಒಂದು ರೂಪಾಯಿ ತಗೊಂಡಿರಲಿಲ್ಲ. ಮನೆಗೆ ಬಂದು ನೋಡಿದರೆ ಕ್ಯಾಮೆರಾದ ಮೆಮೊರಿ ಕಾರ್ಡ್ ಓಪನ್ ಆಗುತ್ತಿಲ್ಲ. ರಿಕವರಿ ಸಾಫ್ಟ್‌ವೇರ್ ಹಾಕಿ ಅರ್ಧ ಫೋಟೋ ಸಿಕ್ಕಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿನದ್ದು ಉಳಿದರ್ಧದಲ್ಲಿತ್ತು. ಆ ಮನೆಯವರು ಒಂದು ಮಾತೂ ಅನ್ನಲಿಲ್ಲ, ಅದೇ ಕಷ್ಟ. ಈಗ ಒಂದೇ ದೊಡ್ಡ ಕಾರ್ಡಿನ ಬದಲು ಎರಡು ಮೂರು ಚಿಕ್ಕ ಕಾರ್ಡ್ ಇಟ್ಟುಕೊಳ್ಳುತ್ತೇನೆ. ಬಂದ ರಾತ್ರಿಯೇ ಎರಡು ಕಡೆ ಕಾಪಿ. 24 ಮೆಗಾಪಿಕ್ಸೆಲ್‌ನ 1,500 ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಮೂಲ ಫೈಲ್) ಅಂದರೆ ಹತ್ತಿರ ಹತ್ತಿರ 40 ಜಿಬಿ, ಅದಕ್ಕೆ ಹಾರ್ಡ್‌ಡಿಸ್ಕ್ ಕೂಡ ಬೇಕು.

ಇದೇ ಕಾರಣಕ್ಕೆ ಮದುವೆ ದಿನದ ಕೆಲಸ ಒಬ್ಬರೇ ಒಪ್ಪಬೇಡಿ, ಎಷ್ಟು ಕೊಟ್ಟರೂ. ಧಾರೆ ಎರೆಯುವುದು ಇನ್ನೊಮ್ಮೆ ಆಗುವುದಿಲ್ಲ. ಅದು ಸ್ಟುಡಿಯೋದವರ ಕೆಲಸ. ಅವರ ಹತ್ತಿರ ಎರಡು ಬಾಡಿ, ಲೈಟು, ಹುಡುಗರು ಎಲ್ಲ ಇರುತ್ತಾರೆ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡೂ ಜಿಲ್ಲೆಯ ಫೋಟೋಗ್ರಾಫರುಗಳಿಗೆ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಅಂತ ಸಂಘವೇ ಇದೆ, ಫೋಟೋ ತೆಗೆದೇ ಮನೆ ನಡೆಸುವವರು ಅವರು. ಸಂಬಳ ಬರುವ ನಾವು ಅರ್ಧ ರೇಟಿಗೆ ಮದುವೆ ಹಿಡಿದರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗೆ. "ಸ್ಟುಡಿಯೋದವರಿಗೆ ಹೇಳು, ನಾನು ಪಕ್ಕದಲ್ಲಿ ಪೋಸ್ ಇಲ್ಲದ ಕ್ಯಾಂಡಿಡ್ ಫೋಟೋ ತೆಗೆಯುತ್ತೇನೆ" ಅನ್ನಿ.

ಮಲ್ಪೆ ಕಡಲಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಪ್ರೀ ವೆಡ್ಡಿಂಗ್ (ಮದುವೆಗೆ ಮುಂಚಿನ ಜೋಡಿ ಫೋಟೋ) ಮಾಡುವ ಅಂತಲೂ ಕೇಳುತ್ತಾರೆ, ನೋಡಿ. ಮಳೆಗಾಲದಲ್ಲಿ ಬೋಟು ಇಲ್ಲ. ಉಳಿದ ಸಮಯದಲ್ಲೂ ಸೂರ್ಯ ಮುಳುಗುವ ಬೆಳಕು ಬೇಕಾದಾಗ ವಾಪಸ್ ಬೋಟು ಹತ್ತಬೇಕಾಗುತ್ತದೆ. ನಾನು ಕಾಪು ಬೀಚಿಗೆ ಕರೆದುಕೊಂಡು ಹೋಗುತ್ತೇನೆ.

ಒಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ನಿಮ್ಮಿಂದ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಹಕ್ಕು ತೆಗೆಸಿದವರದ್ದು. ಸುಮ್ನೆ ನಿಮ್ಮ ಖುಷಿಗೆ ತೆಗೆದದ್ದಾದರೆ ನಿಮ್ಮದು. ಅಂದರೆ ದುಡ್ಡು ತಗೊಂಡ ಮೇಲೆ ನಿಮ್ಮ ಪೇಜಿಗೆ ಹಾಕಲು ಕೇಳಲೇಬೇಕು. ಪುಕ್ಕಟೆ ತೆಗೆದದ್ದಕ್ಕೂ ನಾನು ಕೇಳುತ್ತೇನೆ, ಮನೆಯ ಹೆಣ್ಣುಮಕ್ಕಳ ಫೋಟೋ ಕಂಡಲ್ಲಿ ಹಾಕುವುದು ಚೆನ್ನಾಗಿರುವುದಿಲ್ಲ. ಹಾಗೇ, "ಎಲ್ಲ ಫೋಟೋ ಪೆನ್‌ಡ್ರೈವ್‌ಗೆ ಹಾಕಿಕೊಡು" ಅಂದರೆ ಕೊಡಬೇಡಿ. ಒಮ್ಮೆ ಕೊಟ್ಟೆ. ನಾನು ತೆಗೆದುಹಾಕಬೇಕೆಂದಿದ್ದ, ಕಣ್ಣು ಮುಚ್ಚಿ ಬಾಯಿ ತೆರೆದ ದೊಡ್ಡಮ್ಮನ ಫೋಟೋವೇ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿ, ಕೆಳಗೆ ನನ್ನ ಹೆಸರು.

ನಿಮ್ಮ ಗೆಳೆಯನಿಗೆ ಹೀಗೆ ಬರೆಯಿರಿ, ನಾನು ಕಳಿಸುವುದೂ ಇದನ್ನೇ: "ಶನಿವಾರ ಸಂಜೆ 6ರಿಂದ 10ರವರೆಗೆ ಇರುತ್ತೇನೆ. ಆರಿಸಿ ಸರಿಮಾಡಿದ 200 ಫೋಟೋ, ಹದಿನೈದು ದಿನದೊಳಗೆ ಲಿಂಕ್ ಕಳಿಸುತ್ತೇನೆ. ವಿಡಿಯೋ, ಆಲ್ಬಂ ಇಲ್ಲ. ನನ್ನ ರೇಟು 7,000, ನಿನಗೆ 3,500, ಉಳಿದದ್ದು ತಂಗಿಗೆ ನನ್ನ ಉಡುಗೊರೆ. ಎರಡು ಮೂರು ಫೋಟೋ ಇನ್‌ಸ್ಟಾಗ್ರಾಂಗೆ ಹಾಕಬಹುದಾ ಅಂತ ಮನೆಯಲ್ಲಿ ಕೇಳಿ ಹೇಳು. ಮತ್ತೆ, ಎಂಟೂವರೆಗೆ ನನ್ನನ್ನು ಊಟಕ್ಕೆ ಬಿಡಬೇಕು."

ಜಾಸ್ತಿ ಆಯಿತು ಅಂದರೆ, ಒಂದು ಗಂಟೆ ಬಂದು ಮದುಮಗಳ ಕೈಯ ಮೆಹಂದಿ, ಮನೆಯವರ ಗ್ರೂಪ್ ಫೋಟೋ ತೆಗೆದುಕೊಟ್ಟು ಆಮೇಲೆ ಅತಿಥಿಯಾಗಿ ಕೂರುತ್ತೇನೆ, ಅದಕ್ಕೆ ದುಡ್ಡು ಬೇಡ ಅನ್ನಿ. ಎರಡರಲ್ಲಿ ಯಾವುದು ಅಂತ ಅವನೇ ಆರಿಸಲಿ. ಇವತ್ತೇ ಕಳಿಸಿಬಿಡಿ, ಮೆಹಂದಿ ಶನಿವಾರ ಅಲ್ವಾ.