ಗ್ಯಾಸ್ ನಮ್ಮ ನೆಲದಲ್ಲೇ ಸಿಗುವಾಗ, ಹೊರಗೆ ಬೆಲೆ ಏರಿದರೆ ಇಲ್ಲಿ ಸಿಎನ್‌ಜಿ ಏಕೆ ದುಬಾರಿಯಾಗುತ್ತದೆ?

ನಮ್ಮಲ್ಲಿ ಸಿಗುವ ಅನಿಲ ನಮಗೆ ಸಾಲದು, ಅದಕ್ಕೇ. ಭಾರತ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧದಷ್ಟು ಆಮದಿನದು. ಕತಾರ್‌ನಂಥ ದೇಶಗಳು ಅದನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ದ್ರವವಾಗಿಸಿ ಹಡಗಿನಲ್ಲಿ ಕಳುಹಿಸುತ್ತವೆ.

ಬೆಲೆಯ ಗುಟ್ಟು ಇರುವುದು ಬೆರಕೆಯಲ್ಲಿ. ಒಎನ್‌ಜಿಸಿ, ಆಯಿಲ್ ಇಂಡಿಯಾ ಕಂಪನಿಗಳ ಹಳೆಯ ನಿಕ್ಷೇಪಗಳ ಅನಿಲಕ್ಕೆ ಸರ್ಕಾರವೇ ಬೆಲೆ ಕಟ್ಟುತ್ತದೆ. 2023ರ ಏಪ್ರಿಲ್‌ನಿಂದ ಅದು ಕಚ್ಚಾ ತೈಲದ ಬೆಲೆಯ ಶೇ 10ರಷ್ಟು, ಅದಕ್ಕೊಂದು ಗರಿಷ್ಠ ಮಿತಿಯೂ ಇದೆ. ಈ ಅಗ್ಗದ ಅನಿಲದಲ್ಲಿ ಮೊದಲ ಪಾಲು ಮನೆಗಳ ಕೊಳವೆಗೆ ಮತ್ತು ವಾಹನಗಳ ಸಿಎನ್‌ಜಿಗೆ. ಆದರೆ ಹಳೆಯ ಬಾವಿಗಳು ವರ್ಷದಿಂದ ವರ್ಷಕ್ಕೆ ಬತ್ತುತ್ತಿವೆ, ಗ್ರಾಹಕರೋ ಹೆಚ್ಚುತ್ತಲೇ ಇದ್ದಾರೆ. 2024ರ ಅಕ್ಟೋಬರ್‌ನಲ್ಲಿ ಸಿಎನ್‌ಜಿಯ ಪಾಲು ಕಡಿತಗೊಂಡದ್ದು ಇದೇ ಕಾರಣಕ್ಕೆ. ಕೊರತೆ ತುಂಬಲು ವಿತರಕರು ಹಡಗಿನಲ್ಲಿ ಬರುವ ಅನಿಲದಂಥ, ಹೊರಗಿನ ಬೆಲೆಯೊಂದಿಗೆ ಏರಿಳಿಯುವ ದುಬಾರಿ ಅನಿಲ ಕೊಳ್ಳುತ್ತಾರೆ. ಎರಡರ ಸರಾಸರಿಗೆ ಸಾಗಣೆ, ತೆರಿಗೆ ಸೇರಿ ಬಂಕ್‌ನ ದರವಾಗುತ್ತದೆ.

ಕರ್ನಾಟಕದಲ್ಲಂತೂ ಅನಿಲ ಉತ್ಪಾದನೆಯೇ ಇಲ್ಲ. ಬೆಂಗಳೂರಿಗೆ ಅನಿಲ ಬರುವುದು ಮಹಾರಾಷ್ಟ್ರದ ದಾಭೋಲ್‌ನಿಂದ ಹೊರಟ ಕೊಳವೆಮಾರ್ಗದಲ್ಲಿ, ಮಂಗಳೂರಿಗೆ ಕೊಚ್ಚಿಯದರಲ್ಲಿ.

2030ರೊಳಗೆ ದೇಶದ ಇಂಧನ ಬಳಕೆಯಲ್ಲಿ ಅನಿಲದ ಪಾಲನ್ನು ಶೇ 15ಕ್ಕೆ ಏರಿಸುವುದು ಸರ್ಕಾರದ ಗುರಿ. ಈಗಿರುವುದು ಅದರ ಅರ್ಧಕ್ಕೂ ಕಡಿಮೆ. ಹೊಸ ನಿಕ್ಷೇಪಗಳು ಸಿಗದೆ ಬಳಕೆಯಷ್ಟೇ ಹೆಚ್ಚಿದರೆ, ಬೆರಕೆಯಲ್ಲಿ ಹಡಗಿನ ಅನಿಲದ ಪಾಲು ಇನ್ನಷ್ಟು ಹೆಚ್ಚುತ್ತದೆ.